ಸ್ಟೇಷನ್ ಚೌಕ ಉಳಿಯಿತು, ಸ್ಟೇಷನ್ ಹೋಯಿತು

ಅರಿಶಿಣ ಮಾರಲು ಸಾಂಗಲಿಗೆ ಹೋಗುವ ನಮ್ಮ ಕಡೆಯ ರೈತರಿಗೆ ಅಲ್ಲಿನ ಸ್ಟೇಷನ್ ಚೌಕ ಗೊತ್ತು. ಪೇಟೆಯ ನಟ್ಟನಡುವೆ ಇದೆ. ಆದರೆ ಅಲ್ಲಿ ರೈಲು ಹುಡುಕಿದರೆ ಸಿಗುವುದಿಲ್ಲ.

ಹಿಂದೆ ಸಿಗುತ್ತಿತ್ತು. ಪುಣೆ–ಬೆಳಗಾವಿ ಹಳಿ ಮಿರಜಕ್ಕೆ ಬಂದಿತ್ತು, ಸಾಂಗಲಿ ಪೇಟೆ ಮಾತ್ರ ಪಕ್ಕಕ್ಕೆ ಉಳಿದಿತ್ತು. ಅದಕ್ಕೇ ಸಾಂಗಲಿ ಸಂಸ್ಥಾನ ಸ್ವಂತ ಹಳಿ ಮಾಡಿಸಿತು. 1907ರಲ್ಲಿ ಶುರುವಾದ ಈ ಮೀಟರ್‌ಗೇಜ್ ದಾರಿ ಬರೀ 5 ಮೈಲಿ, ಅಂದರೆ ಸುಮಾರು 8 ಕಿ.ಮೀ. ಮಿರಜದಿಂದ ಹೊರಟ ಗಾಡಿ ಸೀದಾ ಪೇಟೆಗೆ ಹೋಗಿ ನಿಲ್ಲುತ್ತಿತ್ತು.

ಆ ಸಂಸ್ಥಾನದಲ್ಲಿ ನಮ್ಮ ತೇರದಾಳ ಇತ್ತು, ಶಿರಹಟ್ಟಿ ಇತ್ತು, ಬೆಳಗಾವಿಯ ಶಹಾಪುರವೂ ಇತ್ತು. ಖಜಾನೆ ಒಂದೇ ಅಂದಮೇಲೆ ಆ 5 ಮೈಲಿಯಲ್ಲಿ ಕನ್ನಡ ರೈತರ ಕಂದಾಯವೂ ಸೇರಿತ್ತು ಎನ್ನಲು ನಮಗೇನೂ ಸಂಕೋಚವಿಲ್ಲ.

1971ರ ಹೊತ್ತಿಗೆ ಪುಣೆ–ಮಿರಜ–ಕೊಲ್ಹಾಪುರ ಬ್ರಾಡ್‌ಗೇಜ್ ಆಯಿತು. ಸಾಂಗಲಿ ಮುಖ್ಯ ಮಾರ್ಗಕ್ಕೆ ಬಂತು. ದೂರದ ಊರಿಗೆ ಹೋಗುವವರಿಗೆ ಅದು ಲಾಭವೇ, ಇಲ್ಲವೆನ್ನುವುದಿಲ್ಲ. ಆದರೆ ಪೇಟೆಯೊಳಗಿನ ಸ್ಟೇಷನ್ ಹೋಯಿತು, ಹೊಸದು ಪೇಟೆಯಿಂದ ದೂರವಾಯಿತು. ದಿನಾ ಎಂಟು ಕಿ.ಮೀ. ಓಡಾಡುವವರು ಬಸ್ಸು, ರಿಕ್ಷಾ ಹಿಡಿದರು. ದೊಡ್ಡ ಗಾಡಿಯ ಲೆಕ್ಕ ಹಾಕುವಾಗ ಸಣ್ಣ ಪ್ರಯಾಣದ ಲೆಕ್ಕವನ್ನು ಯಾರೂ ಬರೆದುಕೊಳ್ಳಲಿಲ್ಲ.

ನಮ್ಮ ಕಥೆಯೂ ಅದೇ. ‘ಚಿಕ್ಕೋಡಿ ರೋಡ್’ ಎಂಬ ಸ್ಟೇಷನ್ ಇದೆ, ಚಿಕ್ಕೋಡಿ ಪಟ್ಟಣದಲ್ಲಿ ಹಳಿಯೇ ಇಲ್ಲ. ಹೆಸರಿನಲ್ಲಿರುವ ಆ ‘ರೋಡ್’ ಎಷ್ಟು ಉದ್ದ ಅನ್ನುವುದು ಗಂಟುಮೂಟೆ ಹೊತ್ತವರಿಗೇ ಗೊತ್ತು. ಯಡೂರಿನವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆ ಮುಳುಗಿತೆಂದರೆ ಬಸ್ಸಿಗೂ ಸುತ್ತುದಾರಿ.

ಚುನಾವಣೆ ಬಂದಾಗ ನಮ್ಮ ಮುಖಂಡರು ಕೇಳುವುದು ಮುಂಬೈ ಗಾಡಿ, ಬೆಂಗಳೂರು ಗಾಡಿ. ಬೇಡವೆನ್ನುವವರಾರು? ಆದರೆ ಈ ಭಾಗದ ಜನ ಹೆಚ್ಚಾಗಿ ಹೋಗುವುದು ಮಿರಜದ ದವಾಖಾನೆಗೆ, ಸಾಂಗಲಿ ಪೇಟೆಗೆ. ಮುಂಬೈಗೆ ಹೋಗುವುದು ವರ್ಷಕ್ಕೊಮ್ಮೆ, ದವಾಖಾನೆಗೆ ತಿಂಗಳಿಗೆ ಎರಡು ಸಲ.

ನಮ್ಮ ಬೇಡಿಕೆ ಸಣ್ಣದು. ಘಟಪ್ರಭಾದಿಂದ ಬೆಳಿಗ್ಗೆ ಹೊರಟು ರಾಯಬಾಗ, ಕುಡಚಿ, ಉಗಾರ, ಶೇಡಬಾಳದಲ್ಲಿ ನಿಂತು, ದವಾಖಾನೆಯಲ್ಲಿ ಚೀಟಿ ಮಾಡಿಸುವ ಹೊತ್ತಿಗೆ ಮಿರಜ ಮುಟ್ಟಿ, ಸಂಜೆ ತಿರುಗಿ ಬರುವ ಗಾಡಿ. ಬೋಗಿ ನಾಲ್ಕೇ ಇದ್ದರೂ ನಡೆದೀತು. ಸ್ಟೇಷನ್‌ಗೆ ಮುಟ್ಟಿಸುವ ಬಸ್ಸಿನ ಸಮಯವೂ ಅದಕ್ಕೆ ಹೊಂದಬೇಕು, ಇಲ್ಲದಿದ್ದರೆ ಗಾಡಿ ಬಂದೂ ಯಡೂರಿಗೆ ಬಂದಂತಲ್ಲ.

ಇನ್ನು 2010–11ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗ. ಅದು ಯಾವಾಗ ಮುಗಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ದಾರಿಯಲ್ಲಿ ಯಾವ ಊರಿನ ಸ್ಟೇಷನ್ ಊರಿಂದ ಎಷ್ಟು ದೂರ ಎಂಬುದನ್ನೂ ಆಯಾ ಗ್ರಾಮಸಭೆಗಳು ಈಗಲೇ ಕೇಳಲಿ. ಕಟ್ಟಡ ಎದ್ದ ಮೇಲೆ ಕೇಳಿದರೆ ಸಿಗುವುದು ‘ರೋಡ್’ ಎಂಬ ಬೋರ್ಡು ಮಾತ್ರ.