ಕಿವಿಗೆ ವಿಮೆ: ಒಳಗಿನ ಯಂತ್ರಕ್ಕೆ ಉಂಟು, ಹೊರಗಿನದಕ್ಕೆ ಇಲ್ಲ!

ಮೈಸೂರು: ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಕಿವಿ ಕೇಳದ ಮಕ್ಕಳನ್ನು ಎತ್ತಿಕೊಂಡು ದೂರದೂರಿನಿಂದ ಅಲ್ಲಿಗೆ ಬರುವ ತಂದೆತಾಯಿಗಳಿಗೆ ಈಗ ಇರುವುದು ಎರಡೇ ಪ್ರಶ್ನೆ. ಮಗುವಿಗೆ ಕೇಳಿಸುತ್ತದಾ? ದುಡ್ಡು ಯಾರು ಕೊಡ್ತಾರೆ?

ಮೊದಲನೆಯದಕ್ಕೆ ದಾರಿ ಇದೆ. ಮಾಮೂಲಿ ಶ್ರವಣ ಯಂತ್ರ ಪ್ರಯೋಜನಕ್ಕೆ ಬಾರದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್. ಇದರ ಒಂದು ಭಾಗವನ್ನು ಆಪರೇಷನ್ ಮಾಡಿ ಕಿವಿಯ ಹಿಂದೆ ಚರ್ಮದ ಅಡಿ ಕೂರಿಸುತ್ತಾರೆ. ಇನ್ನೊಂದು, ಮೈಕು ಇರುವ ಸ್ಪೀಚ್ ಪ್ರೊಸೆಸರ್, ಹೊರಗೇ ಇರುತ್ತದೆ. ಎರಡೂ ಸೇರದಿದ್ದರೆ ಏನೂ ಕೇಳಿಸದು.

ತಕರಾರು ಶುರುವಾಗುವುದೇ ಇಲ್ಲಿ. ದೇಹದ ಹೊರಗೆ ಬಳಸುವ ಉಪಕರಣಕ್ಕೆ ಹಣವಿಲ್ಲ ಎಂದು ಅನೇಕ ಪಾಲಿಸಿಗಳ ಸಣ್ಣಕ್ಷರ ಹೇಳುತ್ತದೆ. ಒಳಗಿನದು ಕಂಪನಿ ಲೆಕ್ಕ, ಹೊರಗಿನದು ಅಪ್ಪನ ಲೆಕ್ಕ. ಗಡಿಯಾರ ರಿಪೇರಿ ಮಾಡಿ ಮುಳ್ಳು ಕೊಡದೆ ಕಳಿಸಿದ ಹಾಗಾಯಿತು!

ಕಾಯುವ ಅವಧಿ ಇದಕ್ಕಿಂತ ಕೆಟ್ಟದ್ದು. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು 36 ತಿಂಗಳವರೆಗೆ ಕಾಯಿಸಬಹುದು ಎನ್ನುತ್ತದೆ 2024ರ ನಿಯಮ. ಮೊದಲು 48 ಇತ್ತು, ಇಳಿಸಿದ್ದೇ ದೊಡ್ಡದು. ಮಗುವಿಗೆ ಒಂದೂವರೆ ವರ್ಷವಾದಾಗ ಕಿವುಡು ಗೊತ್ತಾಗಿ, ಆಮೇಲೆ ಪಾಲಿಸಿ ಮಾಡಿಸಿದರೆ ಕ್ಲೇಮಿನ ಹೊತ್ತಿಗೆ ನಾಲ್ಕೂವರೆ. ಮಾತು ಕಲಿಯುವ ಮಿದುಳು ಕಂಪನಿಯ ಕ್ಯಾಲೆಂಡರ್ ನೋಡ್ತಾ ಕೂತಿರುತ್ತದೆಯೆ?

ಕೇಂದ್ರದ ಅಡಿಪ್ ಯೋಜನೆ ಐದು ವರ್ಷದೊಳಗಿನ ಮಗುವಿಗೆ ಹಣ ಕೊಡುತ್ತದೆ. ಆದರೆ ಆದಾಯ ಮಿತಿ ಇದೆ. ರಾಜ್ಯದ ‘ಶ್ರವಣ ಸಂಜೀವಿನಿ’ ಆರು ವರ್ಷದವರೆಗಿನ ಮಕ್ಕಳಿಗೆ. ವಿಮೆಯನ್ನು ನಂಬಿ ಕೂತವರು ಮೊದಲು ಇವುಗಳನ್ನು ವಿಚಾರಿಸುವುದು ಲೇಸು. ಆಪರೇಷನ್ ಆದರೆ ಮುಗೀತು ಅಂದುಕೊಂಡರೆ ಅದೂ ತಪ್ಪು. ಬ್ಯಾಟರಿ, ವೈರು, ಮಾತಿನ ತರಬೇತಿ, ವರ್ಷಗಟ್ಟಲೆ ಬಸ್ ಚಾರ್ಜು ಇದ್ದೇ ಇದೆ. ಉದ್ಘಾಟನೆಗೆ ಬಂದು ಹಾರ ಹಾಕಿಸಿಕೊಂಡವರು ವೈರು ಕಿತ್ತುಹೋದಾಗ ಸಿಗುವುದಿಲ್ಲ.

ಕ್ಲೇಮ್ ತಳ್ಳಿಹಾಕಿದರೆ ಏಜೆಂಟರ ಬಾಯಿಮಾತು ಸಾಲದು. ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಗೇ ಮೊದಲು ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ. ಫೀಸಿಲ್ಲ, ವಕೀಲರೂ ಬೇಡ.