ತಲೆಗೆಷ್ಟು, ಒಟ್ಟೆಷ್ಟು?

ವಿಮಾನಕ್ಕೆ ಹಾಕುವುದೂ ಮೂಲತಃ ಸೀಮೆಎಣ್ಣೆಯೇ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ಹೆಚ್ಚು ಶುದ್ಧಿ ಮಾಡಿದ, ಮೇಲಿನ ಚಳಿಗೆ ಹೆಪ್ಪುಗಟ್ಟದ ಸೀಮೆಎಣ್ಣೆ, ಅಷ್ಟೆ. ರೇಷನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ನಿಂತು, ಹನಿಹನಿಗೂ ಲೆಕ್ಕ ಒಪ್ಪಿಸಿದವರು ನಾವು. ವಿಮಾನದವರ ಲೆಕ್ಕ ಕೇಳುವ ಹಕ್ಕು ನಮಗಿಲ್ಲವೆ?

ಹೊಸ ಎಂಜಿನ್ ಎಣ್ಣೆ ಉಳಿಸುತ್ತದೆ ಎನ್ನುತ್ತಾರೆ. ನಿಜ. ಮುಂದಿನ ದೊಡ್ಡ ಫ್ಯಾನು ಹೆಚ್ಚಿನ ಗಾಳಿಯನ್ನು ಉರಿಯೊಳಗೆ ಹಾಯಿಸದೆ ಬದಿಯಿಂದಲೇ ಹಿಂದಕ್ಕೆ ತಳ್ಳುತ್ತದೆ. ಕಡಿಮೆ ಎಣ್ಣೆಗೆ ಹೆಚ್ಚು ನೂಕುಬಲ ಸಿಗುತ್ತದೆ. 1990ರಿಂದ 2019ರೊಳಗೆ ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು ಬೇಕಾದ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯಿತು. ಎಂಜಿನಿಯರುಗಳ ಜಾಣತನಕ್ಕೆ ನನ್ನ ನಮಸ್ಕಾರ. ಆದರೆ ಅದೇ ಅವಧಿಯಲ್ಲಿ ವಿಮಾನ ಪ್ರಯಾಣ ಸುಮಾರು ನಾಲ್ಕು ಪಟ್ಟು ಬೆಳೆಯಿತು. ಅವು ಉಗುಳುವ ಇಂಗಾಲದ ಡೈಆಕ್ಸೈಡ್ ಸುಮಾರು ಎರಡು ಪಟ್ಟಾಯಿತು! ಇದಕ್ಕೆ ಉಳಿತಾಯ ಎನ್ನಬೇಕೆ?

ನಮ್ಮ ಅಮ್ಮಂದಿರು ಸ್ಟೌವಿನ ಬತ್ತಿ ಇಳಿಸಿ ಎಣ್ಣೆ ಮಿಗಿಸಿದರು. ಮಿಕ್ಕಿತೆಂದು ಇನ್ನೆರಡು ಸ್ಟೌ ಹಚ್ಚಲಿಲ್ಲ. ತಿಂಗಳ ಕೊನೆಗೆ ಡಬ್ಬಿಯಲ್ಲಿ ಎಣ್ಣೆ ಕಾಣುತ್ತಿತ್ತು. ಅದು ಉಳಿತಾಯ.

ಆದ್ದರಿಂದ ಸ್ವಾಮಿ, ತಲೆಗೆಷ್ಟು ಎಂಬ ಲೆಕ್ಕ ಸಾಕು. ಒಟ್ಟು ಎಷ್ಟು ಸುಟ್ಟಿರಿ, ಅದನ್ನು ಹೇಳಿ.