ಕೇಳಿ ಬಡಿಸಿ
ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆ ಎಂದು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಅಧ್ಯಯನ 2012ರಲ್ಲೇ ಅಂದಾಜಿಸಿತ್ತು. ಆಮೇಲೂ ಮದುವೆ ಊಟದ ಬಗೆಗಳು ಏರುತ್ತಲೇ ಇವೆ.

ಉಣ್ಣುವವರ ದುರಾಸೆ ಎಂದು ಬೈದು ಸುಮ್ಮನಾಗುವುದು ಅನ್ಯಾಯ. ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ಬೋಂಡ, ಎರಡು ಬಗೆಯ ಸಿಹಿ ಎಲ್ಲವೂ ಅತಿಥಿ ಕೂರುವ ಮೊದಲೇ ಎಲೆಗೆ ಬಿದ್ದಿರುತ್ತವೆ. ಬೇಕೇ ಎಂದು ಕೇಳುವವರಿಲ್ಲ. ಸಕ್ಕರೆ ಕಾಯಿಲೆಯವರ ಎಲೆಗೂ ಹೋಳಿಗೆ ಬರುತ್ತದೆ. ಅನ್ನಕ್ಕೆ ಸಾರು ಕಲಸುವಷ್ಟರಲ್ಲಿ ಮಜ್ಜಿಗೆಯವರು ಬಂದು ನಿಲ್ಲುತ್ತಾರೆ. ಮುಂದಿನ ಪಂಕ್ತಿಯವರು ಆಗಲೇ ಕುರ್ಚಿಯ ಬೆನ್ನು ಹಿಡಿದಿರುತ್ತಾರೆ. ಆ ಮುಜುಗರಕ್ಕೇ ಅರ್ಧ ಊಟ ಬಿಟ್ಟು ಏಳುವವರು ಎಷ್ಟೋ ಮಂದಿ. ಬಫೆಯಲ್ಲಿ ಮತ್ತೊಮ್ಮೆ ಸಾಲು ನಿಲ್ಲುವ ಬೇಸರಕ್ಕೆ ಒಂದೇ ಸಲ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಹೋಟೆಲಿನಲ್ಲಂತೂ ಅಜ್ಜಿಗೂ ಮೊಮ್ಮಗನಿಗೂ ಊಟದ ಅಳತೆ ಒಂದೇ.

ಮನೆಯಲ್ಲಿ ಒಂದು ಅಗುಳೂ ಬಿಡದವರು ಹೊರಗೆ ಬಿಡುತ್ತಾರೆ. ಬೇಯಿಸಿದವರ ಮುಖ ಅಲ್ಲಿ ಕಾಣುವುದಿಲ್ಲ, ಬಿಟ್ಟದ್ದಕ್ಕೆ ನೊಂದುಕೊಳ್ಳುವವರೂ ಇಲ್ಲ.

ಪಾತ್ರೆಯಲ್ಲಿ ಉಳಿದದ್ದನ್ನು ಸ್ವಯಂಸೇವಕರು ಹಸಿದವರಿಗೆ ಒಯ್ಯಬಲ್ಲರು. ಎಲೆಯಲ್ಲಿ ಉಳಿದದ್ದು ಕಸದ ಲಾರಿಗೇ ಹೋಗಬೇಕು. ಆದ್ದರಿಂದ ತಡೆಯಬೇಕಾದ್ದು ಬಡಿಸುವ ಹೊತ್ತಿನಲ್ಲೇ. ಜನ ಕೂತ ಮೇಲೆ, ಕೇಳಿಯೇ ಬಡಿಸಬೇಕೆಂದು ಮದುವೆ ಮನೆಯವರು ಅಡುಗೆ ಕಂಟ್ರಾಕ್ಟರಿಗೆ ಮೊದಲೇ ಹೇಳಲಿ. ಹೋಟೆಲಿನವರು ಅರ್ಧ ಊಟವನ್ನೂ ದರಪಟ್ಟಿಗೆ ಸೇರಿಸಲಿ. ಬೇಡವಾದದ್ದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಲು ಅತಿಥಿಗಳೂ ಸಂಕೋಚಪಡದಿರಲಿ.